ಅಂಗಡಿಯ ಅನ್ನ

ನನಗೆ ಅರುವತ್ತು ವರ್ಷ ತುಂಬಿತು. ಮೂವತ್ತನಾಲ್ಕು ವರ್ಷಗಳ ಕಾಲ ಹೈಸ್ಕೂಲಿನ ಮಕ್ಕಳಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳಿ ಈಗ ವಿಶ್ರಾಂತನಾಗಿದ್ದೇನೆ. ನನ್ನನ್ನು ಬಲ್ಲವರು ನನ್ನ ವಿಚಾರವಾಗಿ ಮೆಚ್ಚಿ ಹೇಳುತ್ತಿದ್ದ ಮಾತೊಂದುಂಟು: "ಮೇಷ್ಟರು ಹೊರಗೆ ಏನನ್ನೂ ತಿನ್ನುವವರಲ್ಲ." ರೈಲಿನಲ್ಲಿ ಹೋಗುವಾಗ ಮೊಸರವಲಕ್ಕಿಯ ಡಬ್ಬಿ, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಚಪಾತಿಯ ಗಂಟು, ಉತ್ತರಪತ್ರಿಕೆಗಳನ್ನು ತಿದ್ದಲು ಪರಸ್ಥಳಕ್ಕೆ ಹೋದರೆ ನಾಲ್ಕು ಬಾಳೆಯಹಣ್ಣು, ಹೀಗೆ ನನ್ನ ಕಾಲ ಸಾಗಿತು. ಜನರು ಇದನ್ನು ಆಚಾರವೆಂದು ತಿಳಿದರು. ಅವರು ಹಾಗೆ ತಿಳಿಯುವುದು ನನಗೆ ಅನುಕೂಲವಾಗಿದ್ದುದರಿಂದ ನಾನೂ ಅಲ್ಲವೆನ್ನಲಿಲ್ಲ. ಅದು ಆಚಾರವಾಗಿರಲಿಲ್ಲವೆಂಬುದನ್ನು ಈಗ ಬರೆದಿಡಬೇಕೆಂದು ತೋರಿದೆ. ಅದಕ್ಕೆ ಕಾರಣವಾದುದು ಬೆಂಗಳೂರಿನ ಒಂದು ಬೀದಿ, ಮತ್ತು ನನ್ನ ಒಂಬತ್ತು ವರ್ಷದ ಮೊಮ್ಮಗಳು.

ಕಳೆದ ಪುಷ್ಯಮಾಸದಲ್ಲಿ ಮಗಳ ಮನೆಗೆ ಹೋಗಿದ್ದೆ. ಒಂದು ಸಂಜೆ ಮೊಮ್ಮಗಳು ನನ್ನ ಕೈಹಿಡಿದು, "ತಾತ, ಇವತ್ತು ತಿಂಡಿ ಬೀದಿಗೆ ಹೋಗೋಣ" ಎಂದಳು. ಅವಳ ತಾಯಿಗೆ ಮನೆಯಲ್ಲಿ ಕೆಲಸವಿತ್ತು. ತಂದೆ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಮಗುವನ್ನು ಒಬ್ಬಳನ್ನೇ ಕಳುಹಿಸುವಂತಿಲ್ಲ. ಹೀಗಾಗಿ ಜನ್ಮದಲ್ಲಿ ಹೋಗಬಾರದೆಂದು ಇದ್ದವನು ಛತ್ರಿಯನ್ನು ಕಂಕುಳಲ್ಲಿ ಇರಿಸಿಕೊಂಡು ಹೊರಟೆನು.

ನಗರದ ದಕ್ಷಿಣ ಭಾಗದಲ್ಲಿ ವಿಶ್ವೇಶ್ವರಪುರವೆಂಬ ಬಡಾವಣೆ ಇದೆ. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಅದು ಹೊತ್ತಿದೆ. ಅಲ್ಲಿ ಸಜ್ಜನರಾವ್ ವೃತ್ತದ ಬಳಿ, ಸುಬ್ರಹ್ಮಣ್ಯೇಶ್ವರನ ಗುಡಿಯಿಂದ ಕೆಲವೇ ಹೆಜ್ಜೆಯ ದೂರದಲ್ಲಿ ಈ ತಿಂಡಿ ಬೀದಿಯಿರುವುದು. ಹಗಲಿನಲ್ಲಿ ನೋಡಿದರೆ ಸಾಧಾರಣವಾದೊಂದು ರಸ್ತೆ. ದೀಪ ಹಚ್ಚುವ ಹೊತ್ತಿಗೆ ಅದರ ರೂಪವೇ ಬೇರೆ. ಎರಡು ಪಕ್ಕಗಳಲ್ಲಿಯೂ ಒಲೆಗಳು ಹೊತ್ತಿಕೊಳ್ಳುತ್ತವೆ, ಕಾವಲಿಗಳು ಚುಂಯ್ಗುಟ್ಟುತ್ತವೆ, ನಡುವೆ ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುತ್ತಾರೆ. ಒಂದೆಡೆ ಬೆಣ್ಣೆಯ ಮಸಾಲೆ ದೋಸೆ, ಇನ್ನೊಂದೆಡೆ ತಟ್ಟೆ ಇಡ್ಲಿ. ಮತ್ತೊಂದೆಡೆ ಗುಳಿಯ ಬಾಣಲೆಯಲ್ಲಿ ಪಡ್ಡು ತಿರುಗುತ್ತಿದೆ. ಹೋಳಿಗೆ ತಟ್ಟುವ ಕೈಗಳು, ಜಿಲೇಬಿ ಸುತ್ತುವ ಬೆರಳುಗಳು, ಪಾನಿಪುರಿಯ ಮಡಕೆಯ ಸುತ್ತಲೂ ಉಪನಯನದ ವಟುಗಳಂತೆ ಭಿಕ್ಷೆಗೆ ಕೈನೀಡಿ ನಿಂತ ಕಾಲೇಜಿನ ಹುಡುಗಿಯರು. ಅದು ಅವರೆಕಾಯಿಯ ಕಾಲ. ಆದಕಾರಣ ಹಿತಕಿದ ಬೇಳೆಯನ್ನು ಹಾಕದ ಪದಾರ್ಥವೇ ಇಲ್ಲ: ಅವರೆಬೇಳೆಯ ದೋಸೆ, ಅವರೆಬೇಳೆಯ ಉಪ್ಪಿಟ್ಟು, ಅವರೆಕಾಳಿನ ಅಕ್ಕಿರೊಟ್ಟಿ. ಮಾಗಿಯ ಮಂಜು ಬಿದ್ದ ಅವರೆಯ ಸೊಗಡನ್ನು ಬಲ್ಲ ಗೃಹಿಣಿಯರಿಗೆ ನಾನು ಹೆಚ್ಚಾಗಿ ವರ್ಣಿಸಬೇಕಾದುದಿಲ್ಲ.

ಮೊಮ್ಮಗಳು ದೋಸೆ ತಿಂದಳು, ಪಡ್ಡು ತಿಂದಳು. ನಾನು ಕೈಕಟ್ಟಿಕೊಂಡು ನಿಂತಿದ್ದೆ. ತಿನ್ನದವನಿಗೆ ಮಾತಾಡುವುದಕ್ಕೆ ಅವಕಾಶ ಹೆಚ್ಚು. ಅದೂ ಅಲ್ಲದೆ ಮೇಷ್ಟರ ನಾಲಗೆ. ಆದುದರಿಂದ ಪಾಠವನ್ನು ಆರಂಭಿಸಿಬಿಟ್ಟೆ.

"ಮಗು, ಈ ಇಡ್ಲಿ ಇದೆಯಲ್ಲ, ಇದರ ಹೆಸರು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಇಡ್ಡಲಿಗೆಯೆಂದು ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನೆಂಬುವನು ಲೋಕೋಪಕಾರವೆಂಬ ಗ್ರಂಥದಲ್ಲಿ ಇದನ್ನು ಮಾಡುವ ಕ್ರಮವನ್ನೇ ಬರೆದ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಮೆಣಸು ಜೀರಿಗೆ ಇಂಗುಗಳನ್ನೂ ಸೇರಿಸಬೇಕೆಂದು. ಅದರಲ್ಲಿ ಅಕ್ಕಿಯ ಮಾತೇ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದಾಗ ಅರಸರ ಊಟದ ಅಧ್ಯಾಯದಲ್ಲಿ ದೋಸೆಗೂ ವಡೆಗೂ ಸ್ಥಾನ ಕೊಟ್ಟ."

"ಬೋಂಡಕ್ಕೆ?" ಎಂದಳು ಅವಳು.

ನಾನು ನಕ್ಕೆನು. ಆಲೂಗಡ್ಡೆಯ ಬೋಂಡವನ್ನು ಸೋಮೇಶ್ವರ ಕಂಡಿರಲು ಸಾಧ್ಯವಿಲ್ಲ. ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಬೆಳೆ. ಮೆಣಸಿನಕಾಯಿಯೂ ಅಮೆರಿಕದ ಕಡೆಯದೇ. ಪೋರ್ತುಗೀಸರ ಹಡಗುಗಳು ನಮ್ಮ ಕರಾವಳಿಗೆ ಬರಲು ತೊಡಗಿದ ಮೇಲೆ ಇವೆರಡೂ ನಮ್ಮ ಒಲೆಯನ್ನು ಸೇರಿದವು. ಹೊರಗಿನ ಕಡಲೆಹಿಟ್ಟು ಮಾತ್ರ ನಮ್ಮದು. ಒಳಗಿನ ಪಲ್ಯ ಸಮುದ್ರ ದಾಟಿ ಬಂದುದು. ಆದರೂ ಇಂದು ಬೋಂಡವನ್ನು ಪರದೇಶದ್ದೆಂದು ಯಾರೂ ದೂರವಿಡುವುದಿಲ್ಲ. ಇಷ್ಟನ್ನು ನಾನು ಹೇಳಿ ಮುಗಿಸುವ ಹೊತ್ತಿಗೆ ನಾವು ಒಂದು ಬೋಂಡದ ಗಾಡಿಯ ಮುಂದೆಯೇ ನಿಂತಿದ್ದೆವು. ಅವಳು ಎರಡು ಬೋಂಡವನ್ನು ಎಲೆಯ ಮೇಲೆ ತೆಗೆದುಕೊಂಡು ಒಂದನ್ನು ನನ್ನ ಕಡೆಗೆ ನೀಡಿದಳು.

"ಬೇಡಮ್ಮ."

"ಯಾಕೆ ತಾತ? ನೀವು ಯಾಕೆ ಹೊರಗೆ ತಿನ್ನೋದೇ ಇಲ್ಲ?"

ಅಭ್ಯಾಸಬಲದಿಂದ ನನ್ನ ಬಾಯಿಗೆ ಶಾಸ್ತ್ರ ಬಂದಿತು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಅನ್ನವನ್ನು ಉಣ್ಣಬಾರದೆಂದು ಆಪಸ್ತಂಬ ಧರ್ಮಸೂತ್ರದಲ್ಲಿ ವಿಧಿಯಿದೆಯೆಂದೆನು. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಆದರೆ ಪಾಠ ಹೇಳುವವನಿಗೆ ಪೂರ್ವಪಕ್ಷವನ್ನು ಮರೆಮಾಡಿದರೆ ಸಮಾಧಾನವಿಲ್ಲ. ಕುಶಲಕರ್ಮಿಯ ಕೈ ಸದಾ ಶುದ್ಧ, ಮಾರಾಟಕ್ಕೆಂದು ಹರವಿಟ್ಟ ವಸ್ತುವೂ ಶುದ್ಧ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಇದೆಯೆಂಬುದನ್ನೂ ಹೇಳಿದೆನು. ಕೌಟಿಲ್ಯನಂತೂ ಅರ್ಥಶಾಸ್ತ್ರದಲ್ಲಿ ಪಟ್ಟಣವನ್ನು ಕಟ್ಟುವ ರೀತಿಯನ್ನು ವಿವರಿಸುತ್ತ, ಬೇಯಿಸಿದ ಅನ್ನವನ್ನು ಮಾರುವವರಿಗೆ ದಕ್ಷಿಣದ ದಿಕ್ಕಿನಲ್ಲಿ ವಾಸಸ್ಥಳವನ್ನು ಗೊತ್ತುಮಾಡಿದ್ದಾನೆ. ಬೆಂಗಳೂರಿನವರು ಕೌಟಿಲ್ಯನನ್ನು ಕೇಳಿ ಮಾಡಿದುದಲ್ಲವಾದರೂ, ಈ ಬೀದಿಯೂ ದಕ್ಷಿಣಕ್ಕೇ ಬಂದಿರುವುದು ಒಂದು ಸೋಜಿಗ.

ಮಗು ಬೋಂಡವನ್ನು ಊದಿ ಊದಿ ಕಚ್ಚುತ್ತ ಕೇಳಿದಳು: "ಒಂದು ಪುಸ್ತಕ ತಿನ್ನಬೇಡ ಅನ್ನುತ್ತೆ, ಇನ್ನೊಂದು ತಿನ್ನಬಹುದು ಅನ್ನುತ್ತೆ. ನೀವು ಬೇಡ ಅನ್ನೋದನ್ನೇ ಯಾಕೆ ಆರಿಸಿಕೊಂಡಿರಿ?"

ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆಯನ್ನು ಕೇಳಿರಲಿಲ್ಲ. ನಾನು ಉತ್ತರ ಹೇಳದೆ ಬಾಣಲೆಯ ಕಡೆಗೆ ನೋಡಿದೆನು. ಗಾಡಿಯವನು ಹಿಟ್ಟಿನ ಒಂದು ಬೊಟ್ಟನ್ನು ಎಣ್ಣೆಗೆ ಬಿಟ್ಟ. ಅದು ತಳಕ್ಕೆ ಹೋಗಿ ಕೂಡಲೆ ಮೇಲಕ್ಕೆ ಬಂದಿತು. ಅವನು ಒಲೆಯನ್ನು ಕೊಂಚ ತಗ್ಗಿಸಿ ಬೋಂಡಗಳನ್ನು ಬಿಡಲಾರಂಭಿಸಿದ. ಆ ಬೊಟ್ಟಿನ ಪರೀಕ್ಷೆಯನ್ನು ನಾನು ಮೊದಲು ಕಂಡುದು ನನ್ನ ತಂದೆಯ ಕೈಯಲ್ಲಿ.

ನನ್ನ ತಂದೆ ಮೈಸೂರಿನಲ್ಲಿ ಮದುವೆಯ ಮನೆಗಳಿಗೆ ಅಡಿಗೆ ಮಾಡುತ್ತಿದ್ದರು. ವೈಶಾಖ ಜ್ಯೇಷ್ಠಗಳಲ್ಲಿ ಅವರಿಗೆ ಬಿಡುವಿಲ್ಲ. ಆಷಾಢ ಬಂದಿತೆಂದರೆ ಮದುವೆಯಿಲ್ಲ, ಪುಷ್ಯದಲ್ಲಿಯೂ ಇಲ್ಲ. ಮುಹೂರ್ತವಿಲ್ಲದ ತಿಂಗಳಲ್ಲಿ ಹಸಿವು ಇಲ್ಲದೆ ಇರುತ್ತದೆಯೇ? ನಾವು ನಾಲ್ಕು ಮಂದಿ ಮಕ್ಕಳು. ೧೯೭೮ರ ಆಷಾಢದಲ್ಲಿ ಅವರು ಒಂದು ತಳ್ಳುಗಾಡಿಯನ್ನು ಬಾಡಿಗೆಗೆ ಹಿಡಿದು, ದೇವರಾಜ ಮಾರುಕಟ್ಟೆಯ ಹತ್ತಿರ, ಚಿಕ್ಕ ಗಡಿಯಾರ ಕಣ್ಣಿಗೆ ಬೀಳುವ ಒಂದು ಮೂಲೆಯಲ್ಲಿ ಸಾಯಂಕಾಲದ ಹೊತ್ತು ಬೋಂಡ ಬಜ್ಜಿಗಳನ್ನು ಮಾರತೊಡಗಿದರು. ಬಿಟ್ಟ ಬೊಟ್ಟು ತಳದಲ್ಲಿಯೇ ನಿಂತರೆ ಎಣ್ಣೆ ಕಾದಿಲ್ಲ, ಬೋಂಡ ಎಣ್ಣೆ ಕುಡಿಯುತ್ತದೆ. ಬಿಟ್ಟ ಕ್ಷಣವೇ ಕೆಂಪಾದರೆ ಎಣ್ಣೆ ಹೆಚ್ಚು ಕಾದಿದೆ, ಮೇಲೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ ಎಂದು ನನಗೂ ನನ್ನ ತಂಗಿಗೂ ತೋರಿಸಿಕೊಡುತ್ತಿದ್ದರು. ಒಂದು ದಿನ ಕರಿದ ಎಣ್ಣೆಯನ್ನು ಮರುದಿನ ಬಾಣಲೆಗೆ ಹಾಕುತ್ತಿರಲಿಲ್ಲ. ಮಾರುಕಟ್ಟೆಗೆ ಬಂದವರು ಅವರ ಗಾಡಿಯ ಮುಂದೆ ನಿಂತು ತಿಂದು ಹೋಗುತ್ತಿದ್ದರು. ಮನೆಗೆ ಅಕ್ಕಿ ಬಂದುದು, ನಮಗೆ ಪುಸ್ತಕ ಬಂದುದು ಆ ಮೂಲೆಯಿಂದ.

೧೯೮೦ರಲ್ಲಿ ನಾನು ಪಾಠಶಾಲೆಯನ್ನು ಸೇರಿದೆನು. ಸೇರುವ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆಯಲ್ಲಿ ಪೌರೋಹಿತ್ಯವೆಂದು ನನ್ನ ಕೈಯಿಂದಲೇ ಬರೆದೆ. ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ, ಅಮರಕೋಶದ ಪಾಠ ಮುಗಿದ ಬಳಿಕ, ಸಹಪಾಠಿಗಳು ಐದು ಮಂದಿ ನನ್ನನ್ನು ಮಾರುಕಟ್ಟೆಗೆ ಎಳೆದುಕೊಂಡು ಹೋದರು. ಅಲ್ಲಿ ಒಬ್ಬರು ಒಳ್ಳೆಯ ಬೋಂಡ ಮಾಡುತ್ತಾರೆ ಎಂದರು. ಯಾರೆಂಬುದು ನನಗೆ ಗೊತ್ತಾಯಿತು. ಹತ್ತಿರವಾಗುತ್ತಲೇ ನಾನು ರಸ್ತೆಯನ್ನು ದಾಟಿ ಎದುರುಗಡೆಯ ಹೂವಿನ ಅಂಗಡಿಯ ಮುಂದೆ ನಿಂತುಬಿಟ್ಟೆ. ತಂದೆ ನನ್ನನ್ನು ಕಂಡರು. ಅವರ ಮುಖ ಅರಳಿತು; ಜಾಲರಿಯನ್ನು ಹಿಡಿದ ಕೈ ಅರ್ಧದಲ್ಲಿ ನಿಂತಿತು. ಅಷ್ಟರಲ್ಲಿ ಗೆಳೆಯರಲ್ಲೊಬ್ಬನು, "ಅಲ್ಲೇಕೆ ನಿಂತೆಯೋ, ಬಾರೋ!" ಎಂದು ಕೂಗಿದ. ನಾನು ರಸ್ತೆಯ ಆಚೆಯಿಂದಲೇ, ಎಲ್ಲರಿಗೂ ಕೇಳುವಂತೆ, ಅಂಗಡಿಯ ಅನ್ನ ನಿಷಿದ್ಧವೆಂದು ಅರ್ಥಬರುವ ಆಪಸ್ತಂಬನ ಸೂತ್ರವನ್ನು ಸ್ವರಬದ್ಧವಾಗಿ ಹೇಳಿದೆನು. ಹುಡುಗರು ನಕ್ಕರು. ತಂದೆಗೆ ಸಂಸ್ಕೃತ ಬರುತ್ತಿರಲಿಲ್ಲ. ಆದರೆ ಅರ್ಥವಾಗಲು ಸಂಸ್ಕೃತ ಬೇಕಾಗಿರಲಿಲ್ಲ. ಅವರು ತಲೆ ತಗ್ಗಿಸಿ ಐದು ಎಲೆಗಳಿಗೆ ಬೋಂಡವಿಟ್ಟು ಕೊಟ್ಟರು. ನನ್ನ ಹೆಸರು ಹಿಡಿದು ಕರೆಯಲಿಲ್ಲ.

ಮರುದಿನದಿಂದ ಗಾಡಿ ಆ ಮೂಲೆಯಲ್ಲಿ ಇರಲಿಲ್ಲ. ಅಗ್ರಹಾರದ ಆಚೆ, ನಮ್ಮ ಪಾಠಶಾಲೆಯವರು ಯಾರೂ ಹಾಯದ ಒಂದು ಸಣ್ಣ ಅಡ್ಡರಸ್ತೆಯಲ್ಲಿ ಅದನ್ನು ನಿಲ್ಲಿಸಿಕೊಂಡರು. ಕೇಳಿದವರಿಗೆ, "ಅಲ್ಲಿ ಪೊಲೀಸರ ಕಾಟ" ಎಂದರು. ನಾನು ಒಂದು ಮಾತೂ ಆಡಲಿಲ್ಲ. ಅವರು ತೀರಿಕೊಂಡ ಮೇಲೆ ಒಂದು ದಿನ ತಾಯಿ, "ಪೊಲೀಸರೂ ಇರಲಿಲ್ಲ, ಯಾರೂ ಇರಲಿಲ್ಲ, ಹುಡುಗ ತಲೆಯೆತ್ತಿಕೊಂಡು ಓಡಾಡಲಿ ಅಂದರು" ಎಂದು ಹೇಳಿದಳು. ಆಗಲೂ ನಾನು ಅದನ್ನು ತಂದೆಯ ದೊಡ್ಡತನವೆಂದು ಎಣಿಸಿ ಕಣ್ಣೀರಿಟ್ಟೆನೇ ಹೊರತು, ಅದರ ಬೆಲೆಯೆಷ್ಟೆಂದು ಲೆಕ್ಕ ಹಾಕಲಿಲ್ಲ.

ಆ ಲೆಕ್ಕವನ್ನು ತೋರಿಸಿದವನು ವಿಶ್ವೇಶ್ವರಪುರದ ಗಾಡಿಯವನು. ನಾನು ಬಾಣಲೆಯನ್ನೇ ನೋಡುತ್ತಿದ್ದುದನ್ನು ಕಂಡು, "ಏನು ಸ್ವಾಮಿ, ಎಣ್ಣೆ ಪರೀಕ್ಷೆ ಮಾಡ್ತಿದ್ದೀರಾ? ಇವತ್ತಿನದೇ ಎಣ್ಣೆ" ಎಂದು ನಕ್ಕ. ಎಷ್ಟು ವರ್ಷದಿಂದ ಇಲ್ಲಿರುವೆಯೆಂದು ಕೇಳಿದೆನು. ತನ್ನ ತಂದೆಯ ಕಾಲದಿಂದಲೂ ಎಂದನು. ೨೦೨೩ರಲ್ಲಿ ಈ ಬೀದಿಯನ್ನು ಅಗೆದು, ಚರಂಡಿಯನ್ನೂ ಕಾಲುದಾರಿಯನ್ನೂ ಹೊಸದಾಗಿ ಕಟ್ಟಿದಾಗ ತಾನು ಪಕ್ಕದ ರಸ್ತೆಗೆ ಹೋಗಿದ್ದನಂತೆ. "ಅದೇ ಹಿಟ್ಟು, ಅದೇ ಕೈ, ಅದೇ ಎಣ್ಣೆ ಸ್ವಾಮಿ. ಇಲ್ಲಿಂದ ಇನ್ನೂರು ಹೆಜ್ಜೆ ಅಷ್ಟೆ. ವ್ಯಾಪಾರ ಅರ್ಧಕ್ಕೆ ಇಳೀತು. ಮಗಳ ಕಾಲೇಜಿನ ಫೀಜು ಕಟ್ಟೋಕೆ ಸಾಲ ಮಾಡಿದೆ. ನಮ್ಮ ಕಸುಬಿನಲ್ಲಿ ಕೈರುಚಿ ಎಂಟಾಣೆ, ಜಾಗ ಎಂಟಾಣೆ."

ನನ್ನ ಕಿವಿಯಲ್ಲಿ ಆ ಮಾತು ಹಾಗೆಯೇ ನಿಂತಿತು. ನನ್ನ ತಂಗಿ ಶಾಲೆಯನ್ನು ಬಿಟ್ಟುದು ೧೯೮೧ರಲ್ಲಿ, ಏಳನೆಯ ತರಗತಿ ಮುಗಿಸಿದ ಮೇಲೆ. ಹಿಟ್ಟು ಕಲಸಲು, ಪಾತ್ರೆ ತೊಳೆಯಲು ಮನೆಯಲ್ಲಿ ಕೈ ಸಾಲದೆಂದು ನಮಗೆ ಹೇಳಲಾಗಿತ್ತು. ಅದಕ್ಕೆ ಮುಂಚೆ ಆ ಕೆಲಸಕ್ಕೆ ಒಬ್ಬ ಹುಡುಗನಿದ್ದ. ಅವನಿಗೆ ಸಂಬಳ ಕೊಡಲಾಗದೆ ಬಿಡಿಸಿದ್ದರು. ಗಾಡಿ ಮೂಲೆಯನ್ನು ಬಿಟ್ಟುದಕ್ಕೂ ತಂಗಿ ಶಾಲೆಯನ್ನು ಬಿಟ್ಟುದಕ್ಕೂ ನಡುವೆ ಇದ್ದುದು ಕೆಲವೇ ತಿಂಗಳು. ಆರು ಸಾವಿರ ಹುಡುಗರಿಗೆ ಕಾರ್ಯಕಾರಣಭಾವವನ್ನು ಕಲಿಸಿದ ನಾನು ಈ ಎರಡನ್ನು ನಲವತ್ತೈದು ವರ್ಷಗಳ ಕಾಲ ಜೋಡಿಸಿ ನೋಡಿರಲಿಲ್ಲ. ಅಲ್ಲ, ನೋಡಲು ಒಪ್ಪಿರಲಿಲ್ಲ. ಬೀದಿಯಲ್ಲಿ ತಿಂದರೆ ಆ ಮೂಲೆಯ ನೆನಪು ಬರುವುದೆಂದೇ ನಾನು ಬೀದಿಯಲ್ಲಿ ತಿನ್ನಲಿಲ್ಲ. ಆಪಸ್ತಂಬನನ್ನು ಮುಂದೆ ಹಿಡಿದು ಹಿಂದೆ ಅಡಗಿಕೊಂಡೆ. ಅಂಗಡಿಯ ಅನ್ನವನ್ನು ನಿಷೇಧಿಸಿದ ಈ ದೇಹ ಬೆಳೆದುದೇ ಅಂಗಡಿಯ ಅನ್ನದಿಂದ.

ಈಗ ಬೀದಿಯ ವ್ಯಾಪಾರಿಗೆ ತನ್ನ ಜಾಗದ ಮೇಲೆ ಕಾನೂನಿನ ಆಧಾರವುಂಟು. ೧೯೮೯ರಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲಿ ವ್ಯಾಪಾರ ಮಾಡುವುದು, ಯುಕ್ತ ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನ ಕೊಟ್ಟ ಉದ್ಯೋಗಸ್ವಾತಂತ್ರ್ಯದೊಳಗೆ ಸೇರುತ್ತದೆಂದು ಹೇಳಿತು. ೨೦೧೪ರಲ್ಲಿ ಬಂದ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣಗಳಲ್ಲಿ ವ್ಯಾಪಾರಿಗಳ ಗಣತಿ ಮಾಡಿ ಪ್ರಮಾಣಪತ್ರ ಕೊಡತಕ್ಕದ್ದು. ಮೂವತ್ತು ದಿನಗಳ ಮುನ್ಸೂಚನೆಯಿಲ್ಲದೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ಇದನ್ನು ನಿರ್ಧರಿಸುವ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳೇ ಇರತಕ್ಕದ್ದು. ಕಾಯಿದೆ ಇದ್ದಲ್ಲೆಲ್ಲ ನ್ಯಾಯವಿರುತ್ತದೆಂದು ನಾನು ಹೇಳಲಾರೆ. ಆದರೆ ಮಗನೇ ತಂದೆಯನ್ನು ಎಬ್ಬಿಸಿದರೆ ಅದಕ್ಕೆ ಯಾವ ಕಾಯಿದೆಯೂ ಇಲ್ಲ.

ಇದನ್ನೋದುವ ಗೃಹಿಣಿಯರು, "ಮೇಷ್ಟರು ಬೀದಿಯ ತಿಂಡಿಯನ್ನು ಹೊಗಳುತ್ತಿದ್ದಾರೆ, ಮಕ್ಕಳ ಹೊಟ್ಟೆಯ ಗತಿಯೇನು?" ಎಂದು ಕೇಳುವುದು ಸಹಜ. ಕೇಳಬೇಕಾದುದೇ. ೨೦೨೪ರ ಮಾರ್ಚಿಯಲ್ಲಿ ನಮ್ಮ ಸರ್ಕಾರ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣವನ್ನು ಹಾಕಕೂಡದೆಂದು ಆಜ್ಞೆ ಮಾಡಿತು; ಬಟ್ಟೆಗೆ ಹಾಕುವ ರೋಡಮೀನ್ ಎಂಬ ಬಣ್ಣ ತಿಂಡಿಯಲ್ಲಿ ಸಿಕ್ಕಿದ್ದೇ ಅದಕ್ಕೆ ಕಾರಣ. ಪದೇ ಪದೇ ಕಾಯಿಸಿದ ಎಣ್ಣೆ ಕೆಡುತ್ತದೆಂಬುದು ನನ್ನ ತಂದೆಗೆ ತಿಳಿದಿತ್ತು. ೨೦೧೮ರ ಜುಲೈಯಿಂದ ಅದಕ್ಕೆ ಸರ್ಕಾರದ ಅಳತೆಯೂ ಬಂದಿದೆ. ಆದುದರಿಂದ ಕಣ್ಣು ಮೂಗುಗಳನ್ನು ಮನೆಯಲ್ಲಿ ಬಿಟ್ಟು ಬೀದಿಗೆ ಹೋಗಬೇಡಿರಿ. ಕಣ್ಣೆದುರಿನಲ್ಲಿ ಬೆಂದು ಬಿಸಿಬಿಸಿಯಾಗಿ ಎಲೆಗೆ ಬೀಳುವುದನ್ನು ತಿನ್ನಿರಿ. ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಚಟ್ನಿ, ಎಲ್ಲಿಂದ ತಂದರೆಂದು ಗೊತ್ತಾಗದ ನೀರು, ಇವುಗಳಿಂದ ದೂರವಿರಿ. ಎಣ್ಣೆ ಕಪ್ಪಾಗಿ ನೊರೆಗಟ್ಟಿದ್ದರೆ, ತಿಂಡಿ ಕುಂಕುಮದಷ್ಟು ಕೆಂಪಾಗಿದ್ದರೆ ಮುಂದಿನ ಗಾಡಿಗೆ ನಡೆಯಿರಿ. ಜನ ಹೆಚ್ಚು ನಿಂತ ಗಾಡಿಯಲ್ಲಿ ಮಾಡಿದುದು ಆಗಲೇ ಖರ್ಚಾಗುತ್ತದೆ, ಹಳತು ಉಳಿಯುವುದಿಲ್ಲ. ಶುಚಿಯನ್ನು ಹೀಗೆ ಪರೀಕ್ಷಿಸುವುದು ಬೇರೆ. ಮಾರುವವನನ್ನು ಕೀಳೆಂದು ಕಾಣುವುದು ಬೇರೆ. ಮೊದಲನೆಯದನ್ನು ಮಕ್ಕಳಿಗೆ ಕಲಿಸುವಾಗ ಎರಡನೆಯದು ಅದರ ಬೆನ್ನಹಿಂದೆ ಬಂದು ಕೂರದಂತೆ ನೋಡಿಕೊಳ್ಳಬೇಕು. ನಾನು ನನ್ನ ತರಗತಿಗಳಲ್ಲಿ ನೋಡಿಕೊಳ್ಳಲಿಲ್ಲ.

ಮೊಮ್ಮಗಳು ಇನ್ನೂ ಬೋಂಡವನ್ನು ಚಾಚಿಕೊಂಡೇ ನಿಂತಿದ್ದಳು. "ತಾತ, ಆರಿಹೋಗ್ತಿದೆ" ಎಂದಳು. ನಾನು ಛತ್ರಿಯನ್ನು ಅವಳ ಕೈಗೆ ಕೊಟ್ಟು ಎಲೆಯನ್ನು ತೆಗೆದುಕೊಂಡೆ. ರಸ್ತೆಯ ನಡುವೆ, ನೂರಾರು ಜನರ ಮಧ್ಯೆ, ನಿಂತುಕೊಂಡು ತಿಂದೆ. ಮುಗಿದ ಮೇಲೆ ಇನ್ನೊಂದನ್ನು ಕೇಳಿದೆ. ಅವಳ ಪ್ರಶ್ನೆಗೆ ಉತ್ತರವನ್ನು ಅಲ್ಲಿಂದ ಮನೆಯವರೆಗೆ ನಡೆಯುತ್ತ ಹೇಳಿದೆನು. ಒಂಬತ್ತು ವರ್ಷದ ಮಗುವಿಗೆ ಎಷ್ಟು ಹೇಳಬಹುದೋ ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಹೇಳಿದೆನೇನೋ. ಅವಳು ಸುಮ್ಮನೆ ಕೇಳಿಕೊಂಡು, ಮನೆಯ ಬಾಗಿಲಲ್ಲಿ, "ಅಜ್ಜಿಗೆ, ಅಂದರೆ ನಿಮ್ಮ ತಂಗಿಗೆ, ಇದು ಗೊತ್ತಾ?" ಎಂದಳು.

ಮೈಸೂರಿಗೆ ಮರಳಿದ ಮಾರನೆಯ ದಿನವೇ ತಂಗಿಯ ಮನೆಗೆ ಹೋದೆನು. ಅವಳು ಮೊರದಲ್ಲಿ ಅವರೆಕಾಳನ್ನು ಹಿತಕುತ್ತ ಕುಳಿತಿದ್ದಳು. ಹೂವಿನ ಅಂಗಡಿಯಿಂದ ಹಿಡಿದು ಎಲ್ಲವನ್ನೂ, ಅರ್ಜಿಯಲ್ಲಿ ಬರೆದುದನ್ನೂ ಬಿಡದೆ ಹೇಳಿದೆನು. ಅವಳ ಬೆರಳುಗಳು ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ ತಲೆಯೆತ್ತದೆಯೇ ಕೇಳಿದಳು:

"ಬೋಂಡ ಹೇಗಿತ್ತು ಅಣ್ಣ?"

"ಚೆನ್ನಾಗಿತ್ತು. ಅಪ್ಪ ಮಾಡುತ್ತಿದ್ದಷ್ಟು ಇರಲಿಲ್ಲ."

"ಇರೋದಿಲ್ಲ. ಈಗಿನವರು ಸೋಡ ಹಾಕಿ ಉಬ್ಬಿಸುತ್ತಾರೆ. ಅಪ್ಪ ಕಾದ ಎಣ್ಣೇನ ಹಿಟ್ಟಿಗೆ ಒಂದು ಸೌಟು ಬಿಟ್ಟು ಕಲಸುತ್ತಿದ್ದರು. ನಿನಗೆ ಹೇಗೆ ಗೊತ್ತಿರಬೇಕು, ನೀನು ತಿನ್ನಲೇ ಇಲ್ಲವಲ್ಲ."

ಇಷ್ಟು ಹೇಳಿ ಮೊರವನ್ನು ನಮ್ಮಿಬ್ಬರ ನಡುವೆ ಸರಿಸಿದಳು. ನಾನೂ ಕುಳಿತು ಹಿತಕತೊಡಗಿದೆನು.